ತುಡುವೆ ಜೇನುಪೆಟ್ಟಿಗೆ, ಕುಟುಂಬ ಸಮೇತ: ಮರಕ್ಕೆಷ್ಟು, ಗುಣಕ್ಕೆಷ್ಟು?

ಮಳೆ ಹಿಂದೆ ಸರಿದು ಅಕ್ಟೋಬರ್ ಬಂತೆಂದರೆ ಮಲೆನಾಡು, ಕರಾವಳಿ, ಕೊಡಗಿನ ಕಡೆ ಜೇನು ಕುಟುಂಬಗಳ ವ್ಯಾಪಾರ ಶುರು. ಒಂದು ಮರದ ಪೆಟ್ಟಿಗೆ, ಕೂರಿಸಲು ಕಬ್ಬಿಣದ ಸ್ಟ್ಯಾಂಡು, ಒಳಗೆ ನಾಲ್ಕೈದು ಎರಿಯ (ನೊಣ ಕಟ್ಟಿದ ಮೇಣದ ಹಲ್ಲೆ) ತುಂಬ ತುಡುವೆ ನೊಣ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಇಷ್ಟು ಸೇರಿದರೆ ಒಂದು ಸೆಟ್. ಕೊಳ್ಳಲು ಬಂದವರು ಮರ ಯಾವುದು, ಪೇಂಟ್ ಆಗಿದೆಯಾ, ಸಬ್ಸಿಡಿ ಸಿಗುತ್ತಾ ಎಂದು ಕೇಳುತ್ತಾರೆ. ಒಳಗಿರುವ ರಾಣಿಯ ವಿಚಾರ ಕೇಳುವವರು ಕಡಿಮೆ. ಆದರೆ ದುಡ್ಡು ಕೊಡುವುದು ಬಹುಪಾಲು ಅವಳಿಗೇ. ಈ ಸೆಟ್ಟಿನಲ್ಲಿ ಬಡಗಿಯ ಕೈಯಲ್ಲಿ ಆದದ್ದು ಪೆಟ್ಟಿಗೆ ಮಾತ್ರ. ಎಲ್ಲಿ ಎರಿ ಕಟ್ಟಬೇಕು, ಎಷ್ಟು ಸಂದಿ ಬಿಡಬೇಕು, ಯಾವಾಗ ಊರು ಬಿಡಬೇಕು ಎನ್ನುವ ನೊಣದ ನಡತೆ ಲಕ್ಷಾಂತರ ವರ್ಷ ಕಾಡಿನಲ್ಲಿ ರೂಪುಗೊಂಡದ್ದು. ಅದನ್ನು ಪೆಟ್ಟಿಗೆ ತಿದ್ದುವುದಿಲ್ಲ, ನೀವೂ ತಿದ್ದಲಾರಿರಿ. ಹಾಗಾಗಿ ಪೆಟ್ಟಿಗೆಯ ಒಂದೊಂದು ಭಾಗವನ್ನೂ ಆ ನಡತೆಗೆ ಎಷ್ಟು ಹೊಂದುತ್ತದೆ ಎಂದೇ ಇಲ್ಲಿ ನೋಡಲಾಗಿದೆ.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಅಳತೆ ಸರಿಯಿರುವ ಐಎಸ್‌ಐ ಎ ಮಾದರಿಯ (ತುಡುವೆಗೆಂದು ಸರಕಾರಿ ಮಾನಕ ಸಂಸ್ಥೆ ಗೊತ್ತುಮಾಡಿದ ಅಳತೆ) ಪೆಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪ್ಲೈವುಡ್ಡಿನದು ಪುಕ್ಕಟೆ ಕೊಟ್ಟರೂ ಬೇಡ. ರಾಣಿ ಹೊರಹೋಗದಂತೆ ಬಾಗಿಲಿಗೆ ಹಾಕುವ ರಾಣಿ ತಡೆ ಗೇಟು ವಾರದ ಮಟ್ಟಿಗೆ ಉಪಯೋಗ. ಕುಟುಂಬವನ್ನು ಮಾತ್ರ ಮುಚ್ಚಳ ತೆಗೆದು, ಎರಿ ಎತ್ತಿ ನೋಡದೆ ಕೊಳ್ಳಲೇಬಾರದು.

ಪೆಟ್ಟಿಗೆ

ಹೆಜ್ಜೇನನ್ನು ಯಾರೂ ಪೆಟ್ಟಿಗೆಯಲ್ಲಿ ಸಾಕುವುದಿಲ್ಲ. ಹೆಜ್ಜೇನು, ಕೋಲುಜೇನು ಎರಡೂ ಬಯಲಿಗೆ ಒಗ್ಗಿದ ಜಾತಿ. ಒಂದೇ ಎರಿ, ಮೇಲೆ ಆಕಾಶ. ಹೆಜ್ಜೇನಂತೂ ಕಾಲ ಬದಲಾದಂತೆ ಹೂವಿನ ಹಿಂದೆ ಊರೂರು ಅಲೆಯುತ್ತದೆ. ತುಡುವೆ ಹಾಗಲ್ಲ. ಮರದ ಪೊಟರೆ, ಹುತ್ತ, ಹಳೇ ಗೋಡೆಯ ಸಂದಿಯ ಕತ್ತಲಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿ ಇಳಿಬಿಟ್ಟು ಸಂಸಾರ ಹೂಡುವ ಜಾತಿ ಅದು. ಪೆಟ್ಟಿಗೆ ಅದರ ಪಾಲಿಗೆ ಇನ್ನೊಂದು ಪೊಟರೆ. ಪಳಗಿಸಿದ್ದೇವೆ ಎಂಬುದು ನಮ್ಮ ಭ್ರಮೆ. ದನ, ನಾಯಿ ಪಳಗಿದ ಅರ್ಥದಲ್ಲಿ ತುಡುವೆ ಪಳಗಿಲ್ಲ.

ಎರಿಗಳ ನಡುವೆ ಎರಡು ಕಡೆಯ ನೊಣಗಳು ಬೆನ್ನಿಗೆ ಬೆನ್ನು ಉಜ್ಜದೆ ಓಡಾಡುವಷ್ಟು ಸಂದಿಯನ್ನು ತುಡುವೆ ತಾನಾಗಿಯೇ ಬಿಡುತ್ತದೆ. ಅಮೆರಿಕದ ಜೇನು ಸಾಕಣೆಗಾರ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡದ್ದು ಇದನ್ನೇ. ಅಲ್ಲಿನ ದೊಡ್ಡ ನೊಣಕ್ಕೆ ಆ ಸಂದಿ ಒಂದು ಇಂಚಿನ ಎಂಟರಲ್ಲಿ ಮೂರು ಪಾಲು. ನಮ್ಮ ತುಡುವೆಯ ಮೈ ಸಣ್ಣದು, 7ರಿಂದ 9 ಮಿಲಿಮೀಟರ್ ಸಾಕು. ಇದಕ್ಕಿಂತ ಹೆಚ್ಚು ಜಾಗ ಬಿಟ್ಟರೆ ಅಲ್ಲೊಂದು ಅಡ್ಡ ಎರಿ ಕಟ್ಟುತ್ತದೆ, ಕಡಿಮೆಯಾದರೆ ಮೇಣ ತುಂಬಿ ಬೆಸೆದುಬಿಡುತ್ತದೆ. ಯಾವ ನೊಣವೂ ಇನ್ನೊಂದರಿಂದ ಕಲಿತ ಲೆಕ್ಕವಲ್ಲ ಇದು. ದಕ್ಷಿಣದ ತುಡುವೆಗೆಂದೇ ಕಳೆದ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿ ಸೀಮೆಯಲ್ಲಿ ಪಾದ್ರಿ ನ್ಯೂಟನ್ ರೂಪಿಸಿದ ಪೆಟ್ಟಿಗೆಯ ಅಳತೆಯೇ ಇಂದಿನ ಎ ಮಾದರಿಗೆ ತಳಹದಿ. ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆಯಲ್ಲಿ ಎರಿ ಕಟ್ಟಲು ಇಡುವ ಚೌಕಟ್ಟಿನ ಒಳಅಳತೆ ಸುಮಾರು 21 ಸೆಂ.ಮೀ. ಉದ್ದ, 14.5 ಸೆಂ.ಮೀ. ಎತ್ತರ, ಮೇಲಿನ ಜೇನುಕೋಣೆಯದು ಅಷ್ಟೇ ಉದ್ದ, 6.5 ಸೆಂ.ಮೀ. ಎತ್ತರ.

ಕೊಳ್ಳುವಾಗ ಜೇಬಿನಲ್ಲೊಂದು ಸ್ಟೀಲ್ ಸ್ಕೇಲ್ ಇರಲಿ. ಮೂರು ಕಡೆ ಅಳೆಯಿರಿ. ಚೌಕಟ್ಟಿನ ಪಕ್ಕದ ಪಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ, ಚೌಕಟ್ಟಿನ ಕೆಳಪಟ್ಟಿಗೂ ಅಡಿಮಣೆಗೂ ನಡುವೆ, ಮತ್ತು ಸಂಸಾರ ಕೋಣೆಯ ಚೌಕಟ್ಟಿನ ಮೇಲ್ಪಟ್ಟಿಗೂ ಜೇನುಕೋಣೆಯ ಚೌಕಟ್ಟಿನ ಕೆಳಪಟ್ಟಿಗೂ ನಡುವೆ. ಅಗ್ಗದ ಪೆಟ್ಟಿಗೆಗಳು ಸೋಲುವುದು ಬಹುಮಟ್ಟಿಗೆ ಮೂರನೆಯ ಕಡೆ. ಚೌಕಟ್ಟು ಕೂರುವ ಕಚ್ಚನ್ನು ಬಡಗಿ ಅಂದಾಜಿನಲ್ಲಿ ಆಳ ಕೊರೆದಿರುತ್ತಾನೆ, ಸಂದಿ 15 ಮಿಲಿಮೀಟರಿಗೆ ಹೋಗಿರುತ್ತದೆ. ನೊಣ ಸುಮ್ಮನಿರುತ್ತದೆಯೇ? ಅಲ್ಲಿ ಮೇಣದ ಸೇತುವೆ ಕಟ್ಟಿ, ಅದರಲ್ಲೇ ಜೇನು ತುಂಬುತ್ತದೆ. ಜೇನು ತೆಗೆಯಲು ಮೇಲಿನ ಕೋಣೆ ಎತ್ತಿದಿರೋ, ಕೆಳಗಿನ ಮರಿ ಎರಿಯೂ ಜೊತೆಗೆ ಎದ್ದು ಬಂದು ಕಡಿದು ಬೀಳುತ್ತದೆ. ರಾಣಿ ಆ ಎರಿಯಲ್ಲಿದ್ದರೆ ಅಲ್ಲಿಗೆ ಮುಗಿಯಿತು. ಜೇನು ಕುಯ್ದ ಮರುದಿನ ಕುಟುಂಬ ಓಡಿಹೋಯಿತು ಎನ್ನುವ ದೂರುಗಳಲ್ಲಿ ಎಷ್ಟೋ ಈ ಅರ್ಧ ಸೆಂಟಿಮೀಟರಿನ ತಪ್ಪಿನಿಂದ ಆದವು.

ಇನ್ನೊಂದು ಸುಲಭದ ಪರೀಕ್ಷೆ: ಅದೇ ಅಂಗಡಿಯ ಎರಡು ಪೆಟ್ಟಿಗೆ ತೆರೆದು ಒಂದರ ಚೌಕಟ್ಟನ್ನು ಇನ್ನೊಂದಕ್ಕೆ ಇಟ್ಟು ನೋಡಿ. ಬಿಗಿಯಾದರೆ, ಅಲುಗಿದರೆ, ಆ ಬಡಗಿಯಿಂದ ಕೊಳ್ಳಬೇಡಿ. ಮುಂದೆ ಒಂದು ಕುಟುಂಬವನ್ನು ಎರಡಾಗಿ ಪಾಲು ಮಾಡುವಾಗ ಎರಿ ಅದಲುಬದಲು ಮಾಡದೆ ವಿಧಿಯಿಲ್ಲ.

ಮರದ ವಿಚಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಂಧಗರಿಗೆ, ಹಲಸು ಒಳ್ಳೆಯದು. ಸಾಗುವಾನಿ ಬಾಳಿಕೆ ಬರುತ್ತದೆ, ಆದರೆ ಭಾರ, ದುಬಾರಿ. ಹಸಿ ಮರ ಆಗದು, ಒಣಗುತ್ತ ಸೊಟ್ಟಗಾಗಿ ಅಳತೆಯೆಲ್ಲ ಹಾಳು. ಪ್ಲೈವುಡ್ ಒಂದು ಮಳೆಗಾಲಕ್ಕೆ ಪದರ ಬಿಡುತ್ತದೆ. ಆ ಪದರದ ಸಂದಿಯಲ್ಲಿ ಮೇಣದ ಪತಂಗ ಮೊಟ್ಟೆ ಇಡುತ್ತದೆ. ಬಣ್ಣ ಹೊರಗಡೆ ಮಾತ್ರ, ಒಳಗೆ ಒಂದು ಹನಿಯೂ ಬೇಡ.

ಅಡಿಮಣೆ ಬಿಚ್ಚಲು ಬರಬೇಕು. ಕೆಲವರು ಅದನ್ನು ಮೊಳೆ ಹೊಡೆದು ಕೂರಿಸಿ 'ಗಟ್ಟಿ' ಎಂದು ಮಾರುತ್ತಾರೆ. ಅದು ಗಟ್ಟಿಯಲ್ಲ, ಪೀಡೆ. ತುಡುವೆಗೆ ಹಳೆಯ ಕಪ್ಪು ಎರಿ ಕಂಡರಾಗದು, ಕಚ್ಚಿ ಕಚ್ಚಿ ಕೆಡವುತ್ತದೆ. ಆ ಮೇಣದ ಪುಡಿ ಅಡಿಮಣೆಯ ಮೇಲೆ ಬಿದ್ದು, ಪತಂಗದ ಹುಳುವಿಗೆ ಊಟವಾಗುತ್ತದೆ. ಕಾಡಿನ ಪೊಟರೆಯಲ್ಲಿ ಎರಿ ಕೊಳಕಾದರೆ ತುಡುವೆಗೆ ಇದ್ದ ದಾರಿ ಒಂದೇ: ಬಿಟ್ಟು ಹೋಗುವುದು. ಪೆಟ್ಟಿಗೆಯಲ್ಲೂ ಅದನ್ನೇ ಮಾಡುತ್ತದೆ. ಏಳೆಂಟು ದಿನಕ್ಕೊಮ್ಮೆ ಅಡಿಮಣೆ ಎಳೆದು, ಪುಡಿ ಕೆರೆದು, ಬಿಸಿಲಿಗೆ ಒಡ್ಡಿ ಹಾಕಿದರೆ ಅರ್ಧ ಪರಾರಿ ತಪ್ಪುತ್ತದೆ. ಕೆರೆದ ಪುಡಿಯನ್ನು ಪೆಟ್ಟಿಗೆಯ ಬುಡದಲ್ಲೇ ಚೆಲ್ಲಬೇಡಿ, ಸುಟ್ಟುಬಿಡಿ.

ಬಾಗಿಲ ಹತ್ತಿರ ಮಧ್ಯಾಹ್ನ ಐದು ನಿಮಿಷ ಕೂತರೆ ಒಂದು ಸೊಗಸು ಕಾಣುತ್ತದೆ. ಸೆಕೆಗೆ ನಾಲ್ಕಾರು ನೊಣ ಸಾಲಾಗಿ ನಿಂತು ರೆಕ್ಕೆ ಬೀಸುತ್ತಿರುತ್ತವೆ. ತುಡುವೆಯ ತಲೆ ಹೊರಕ್ಕೆ, ಬಾಲ ಒಳಕ್ಕೆ. ಹೊರಗಿನ ತಂಪು ಗಾಳಿಯನ್ನು ಒಳಗೆ ನೂಕುತ್ತದೆ. ಯೂರೋಪಿನಿಂದ ಬಂದ ಸಾಕು ಜಾತಿಯಾದ ಇಟಾಲಿಯನ್ ನೊಣ ತಿರುಗಿ ನಿಲ್ಲುತ್ತದೆ, ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಒಂದೇ ಕೆಲಸ, ಒಂದೇ ರೆಕ್ಕೆ, ಆದರೆ ನಿಲ್ಲುವ ದಿಕ್ಕು ವಂಶದಲ್ಲೇ ಬಂದದ್ದು. ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ತುಡುವೆ ಪೆಟ್ಟಿಗೆಯ ಬಾಗಿಲ ಮುಂದಿನ ಗಾಳಿಯೇ ಒಳಗೆ ಹೋಗುತ್ತದೆ. ಬಾಗಿಲು ಸಿಮೆಂಟ್ ಅಂಗಳದ ಕಡೆ, ಬಿಸಿಲು ಬಡಿಯುವ ಗೋಡೆಯ ಕಡೆ ಇರಬಾರದು. ಮರಿ ಎರಿಯ ಬಿಸಿ 33ರಿಂದ 35 ಡಿಗ್ರಿಯೊಳಗೆ ಇರಬೇಕು. ಬಾಗಿಲು ಪೂರ್ವಕ್ಕಿದ್ದು, ಮಧ್ಯಾಹ್ನ ನೆರಳು ಬಿದ್ದರೆ ನೊಣಕ್ಕೆ ಬೀಸಣಿಗೆಯ ಕೆಲಸ ಕಡಿಮೆಯಾಗಿ ಹೂವಿನ ಕೆಲಸ ಹೆಚ್ಚುತ್ತದೆ.

ಸ್ಟ್ಯಾಂಡಿನಲ್ಲಿ ನೋಡಬೇಕಾದ್ದು ಇರುವೆ ತಡೆಯುವ ಬಟ್ಟಲು ಮಾತ್ರ. ನೀರು ತುಂಬುವುದಕ್ಕಿಂತ ಸುಟ್ಟ ಇಂಜಿನ್ ಆಯಿಲ್ ಮೇಲು, ಬೇಗ ಆರುವುದಿಲ್ಲ. ಹುಲ್ಲಿನ ಒಂದು ಎಸಳು ಪೆಟ್ಟಿಗೆಗೆ ತಾಗಿದರೂ ಇರುವೆಗೆ ಅದೇ ಸೇತುವೆ.

ರಾಣಿ ತಡೆ ಗೇಟು

ಪ್ರತಿ ಸೆಟ್ಟಿನ ಜೊತೆ ಇದನ್ನು ಹೊಗಳಿ ಕೊಡುತ್ತಾರೆ. ಕೆಲಸಗಾರ ನೊಣ ನುಸುಳುತ್ತದೆ, ದಪ್ಪ ಮೈಯ ರಾಣಿ ಸಿಕ್ಕಿಕೊಳ್ಳುತ್ತಾಳೆ. ರಾಣಿ ಹೋಗದೆ ಕುಟುಂಬ ಹೋಗದು ಎಂಬ ಲೆಕ್ಕ. ಹೊಸ ಜಾಗಕ್ಕೆ ತಂದ ಮೊದಲ ವಾರಕ್ಕೆ ಇದು ಸರಿ. ಅದಾದ ಮೇಲೂ ಬಿಟ್ಟರೆ ಗಂಡುನೊಣಗಳು ಒಳಗೇ ಸಿಕ್ಕಿ ಸತ್ತು ಬಾಗಿಲು ಕಟ್ಟುತ್ತವೆ. ಒಳಗೆ ಹೊಸ ರಾಣಿ ಹುಟ್ಟಿದ್ದರಂತೂ ಅವಳು ಕೂಡಲು ಹೊರಗೆ ಹಾರಲಾಗದೆ ಬಂಜೆಯಾಗಿ ಉಳಿಯುತ್ತಾಳೆ.

ಗೇಟು ಪರಾರಿಗೆ ಮದ್ದಲ್ಲ. ತುಡುವೆಯ ಪರಾರಿ ಸಿಟ್ಟಿನ ಕೆಲಸವಲ್ಲ, ಲೆಕ್ಕದ ಕೆಲಸ. ಬಿಡಲು ತೀರ್ಮಾನಿಸಿದ ಕುಟುಂಬದಲ್ಲಿ ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ; ಇದ್ದ ಮರಿ ಹುಟ್ಟಿ ಮುಗಿಯುವವರೆಗೆ ಕಾಯುತ್ತವೆ, ಜೇನು ಕುಡಿದು ಖಾಲಿ ಮಾಡುತ್ತವೆ, ಆಮೇಲೆ ಹಾರುತ್ತವೆ. ವರ್ಷದ ಬರಗಾಲದಲ್ಲಿ ಒಂದೇ ಕಡೆ ಕೂತು ಸತ್ತ ವಂಶಗಳು ಉಳಿಯಲಿಲ್ಲ, ಎದ್ದು ಹೋದವು ಉಳಿದವು. ನಮಗೆ ಸಿಕ್ಕಿರುವುದು ಎದ್ದು ಹೋದವರ ಮಕ್ಕಳು. ಸೂಚನೆ ಹಿಡಿಯಲು ಒಂದೆರಡು ವಾರ ಸಿಗುತ್ತದೆ ಎಂಬುದು ನಮ್ಮ ಪುಣ್ಯ. ಎರಿಯಲ್ಲಿ ಮುಚ್ಚಿದ ಮರಿ ಇದೆ, ಆದರೆ ಮೊಟ್ಟೆ ಇಲ್ಲ, ಎಳೆ ಮರಿ ಇಲ್ಲ, ರಾಣಿ ಮಾತ್ರ ಚುರುಕಾಗಿ ಓಡಾಡುತ್ತಿದ್ದಾಳೆ ಎಂದರೆ ಗಂಟುಮೂಟೆ ಕಟ್ಟುತ್ತಿವೆ ಎಂದೇ ತಿಳಿಯಿರಿ. ಆಗ ಗೇಟು ಹಾಕಿ ಕೂರುವ ಬದಲು ಕಾರಣ ಹುಡುಕಿ: ಹಸಿವೋ, ಇರುವೆಯೋ, ಪತಂಗದ ಹುಳುವೋ, ಬಿಸಿಲೋ. ಪಕ್ಕದ ಪೆಟ್ಟಿಗೆಯಿಂದ ಎಳೆ ಮರಿ ಇರುವ ಒಂದು ಎರಿ ತಂದು ನಡುವೆ ಇಡಿ. ತುಂಬಿದ ತೊಟ್ಟಿಲು ಬಿಟ್ಟು ಹೋಗುವುದು ಅವಕ್ಕೂ ಕಷ್ಟ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಹಸಿವಿನ ಕಾಲ. ಸಕ್ಕರೆ ಒಂದು ಪಾಲು, ನೀರು ಒಂದು ಪಾಲು. ನೀರು ಕುದಿಸಿ ಇಳಿಸಿ ಸಕ್ಕರೆ ಕರಗಿಸಿ, ಪೂರ್ತಿ ಆರಿಸಿ. ಪಾಕ ಬರುವಂತೆ ಒಲೆಯ ಮೇಲೆ ಕಾಯಿಸಬೇಡಿ, ಸೀದರೆ ನೊಣಕ್ಕೆ ಭೇದಿ. ಒಂದು ಕುಟುಂಬಕ್ಕೆ ವಾರಕ್ಕೆ 200ರಿಂದ 250 ಗ್ರಾಂ ಸಕ್ಕರೆಯಷ್ಟು ಸಾಕು. ತೆಂಗಿನ ಚಿಪ್ಪಿನಲ್ಲಿ ಹಾಕಿ, ಮುಳುಗಿ ಸಾಯದಂತೆ ಮೇಲೆ ನಾಲ್ಕು ಕಡ್ಡಿ ಬಿಟ್ಟು, ಸಂಜೆ ಕತ್ತಲಾಗುವಾಗ ಒಳಗೆ ಇಡಿ. ಹಗಲಲ್ಲಿ ಕೊಟ್ಟರೆ, ಹೊರಗೆ ಒಂದು ಹನಿ ಚೆಲ್ಲಿದರೆ, ಪಕ್ಕದ ಕುಟುಂಬಗಳು ಕೊಳ್ಳೆಗೆ ಬರುತ್ತವೆ.

ಕುಟುಂಬ

ಮಾರುವವರು 'ಸಾಧು ಕುಟುಂಬ', 'ಚೆನ್ನಾಗಿ ದುಡಿಯುವ ಕುಟುಂಬ' ಎನ್ನುತ್ತಾರೆ. ಸುಳ್ಳಿರಲಿಕ್ಕಿಲ್ಲ. ಆದರೆ ಕುಟುಂಬದ ಗುಣ ಎಂಬುದು ಪೆಟ್ಟಿಗೆಗೆ ಅಂಟಿದ್ದಲ್ಲ. ಅದು ಒಬ್ಬ ರಾಣಿ, ಮತ್ತು ಅವಳು ಎಳೆಯ ವಯಸ್ಸಿನಲ್ಲಿ ಆಕಾಶದಲ್ಲಿ ಕೂಡಿದ ಹತ್ತಕ್ಕೂ ಹೆಚ್ಚು ಗಂಡುನೊಣಗಳು ಸೇರಿ ಕೊಟ್ಟದ್ದು. ಆ ಬೀಜವನ್ನು ಅವಳು ಜೀವಮಾನ ಪೂರ್ತಿ ಹೊಟ್ಟೆಯಲ್ಲಿ ಕಾಪಿಟ್ಟುಕೊಳ್ಳುತ್ತಾಳೆ. ಗಂಡುನೊಣಗಳು ಯಾರ ಪೆಟ್ಟಿಗೆಯವು, ಯಾವ ಪೊಟರೆಯವು ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಕೆಲಸಗಾರ ನೊಣದ ಆಯುಸ್ಸು ದುಡಿಮೆಯ ಕಾಲದಲ್ಲಿ ಸುಮಾರು ಆರು ವಾರ. ಅಂದರೆ ರಾಣಿ ಬದಲಾದರೆ ಎರಡು ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಸ್ವಭಾವವೇ ಬದಲಾಗಬಹುದು. ಕಳೆದ ವರ್ಷ ಸಾಧುವಾಗಿದ್ದದ್ದು ಈ ವರ್ಷ ಅಟ್ಟಿಸಿಕೊಂಡು ಬಂದರೆ ಮಾರಿದವರನ್ನು ಬೈಯುವ ಮೊದಲು ರಾಣಿ ಅವಳೇನಾ ಎಂದು ನೋಡಿ. ಕೊಂಡ ದಿನವೇ ರಾಣಿಯ ಬೆನ್ನಿಗೆ ಬಣ್ಣದ ಚುಕ್ಕಿ ಇಟ್ಟಿದ್ದರೆ ಈ ಜಗಳವೇ ಇಲ್ಲ.

ಅಪ್ಪಂದಿರು ಹಲವರಿರುವುದು ಸೋಗಿಗಲ್ಲ. ಒಬ್ಬ ಅಪ್ಪನ ಮಕ್ಕಳಿಗೆ ಸ್ವಲ್ಪ ಸೆಕೆಯಾದರೆ ಸಾಕು, ಬೀಸಲು ಶುರು. ಇನ್ನೊಬ್ಬನ ಮಕ್ಕಳು ಇನ್ನೂ ಒಂದು ಡಿಗ್ರಿ ಏರುವವರೆಗೆ ಸುಮ್ಮನಿರುತ್ತವೆ. ಎಲ್ಲ ಒಮ್ಮೆಗೇ ಬೀಸಿ ಒಮ್ಮೆಗೇ ನಿಲ್ಲುವುದಿಲ್ಲವಾದ್ದರಿಂದ ಗೂಡಿನ ಬಿಸಿ ಒಂದೇ ಹದದಲ್ಲಿ ಇರುತ್ತದೆ. ಇದನ್ನು ತೋರಿಸಿದ್ದು ಯೂರೋಪಿನ ಜಾತಿಯ ನೊಣಗಳಲ್ಲಿ.

ಈಗ ಎರಿ ಎತ್ತಿ. ಬಿಸಿಲಿಗೆ ಬೆನ್ನು ಮಾಡಿ ನಿಂತು, ಬೆಳಕು ಹೆಗಲ ಮೇಲಿನಿಂದ ಕೋಶದ ತಳಕ್ಕೆ ಬೀಳುವಂತೆ ಹಿಡಿಯಿರಿ. ಒಂದು ಕೋಶಕ್ಕೆ ಒಂದೇ ಮೊಟ್ಟೆ, ತಳದ ನಡುವೆ ಕಡ್ಡಿಯಂತೆ ನಿಂತಿದ್ದರೆ ರಾಣಿ ಇದ್ದಾಳೆ, ಇತ್ತೀಚೆಗೆ ಇಟ್ಟಿದ್ದಾಳೆ. ಒಂದೇ ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ, ಗೋಡೆಗೆ ಅಂಟಿಕೊಂಡಂತೆ ಇದ್ದರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ಇಡುತ್ತಿವೆ. ಅವು ಕೂಡಿದವಲ್ಲ, ಗಂಡಿನ ಬೀಜ ಸೇರದ ಮೊಟ್ಟೆಯಿಂದ ಹುಟ್ಟುವುದು ಗಂಡು ಮಾತ್ರ. ಗಂಡುನೊಣಕ್ಕೆ ಅಪ್ಪನೇ ಇಲ್ಲ, ಅಜ್ಜ ಉಂಟು. ಅಂಥ ಪೆಟ್ಟಿಗೆಯ ನೊಣ ಎಷ್ಟೇ ದಟ್ಟವಾಗಿ ಕಂಡರೂ ತಿಂಗಳೊಳಗೆ ಖಾಲಿ. ತುಡುವೆಯಲ್ಲಿ ರಾಣಿ ಸತ್ತ ಸ್ವಲ್ಪ ದಿನಕ್ಕೇ ಹೀಗಾಗುವುದುಂಟು, ಹಾಗಾಗಿ 'ರಾಣಿ ಎಲ್ಲೋ ಅಡಗಿದ್ದಾಳೆ' ಎಂಬ ಮಾತಿಗೆ ಮರುಳಾಗಬೇಡಿ.

ಮುಂದೆ ಮುಚ್ಚಿದ ಮರಿಯ ಎರಿ. ಕೈ ಅಗಲದ ಜಾಗದಲ್ಲಿ ಮುಚ್ಚಳ ಒತ್ತೊತ್ತಾಗಿ, ನಡುವೆ ಅಲ್ಲೊಂದು ಇಲ್ಲೊಂದು ಖಾಲಿ ಕೋಶವಿದ್ದರೆ ಸರಿ. ಹೊಡೆದ ಛರ್ರೆಯಂತೆ ಎಲ್ಲೆಡೆ ತೂತು ತೂತಾಗಿದ್ದರೆ ಬಿಡಿ. ರೋಗ ಇರಬಹುದು, ಮುದಿ ರಾಣಿ ಇರಬಹುದು, ಇನ್ನೊಂದು ಕಾರಣ ಹೆಚ್ಚಿನವರಿಗೆ ತಿಳಿದಿಲ್ಲ: ರಕ್ತಸಂಬಂಧ. ಜೇನಿನಲ್ಲಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವ ಒಂದು ವಂಶವಾಹಿ ಇದೆ, 2003ರಲ್ಲಿ ಗುರುತಿಸಿದ್ದು. ಅದರ ಎರಡು ಬೇರೆ ಬೇರೆ ನಮೂನೆ ಸೇರಿದರೆ ಹೆಣ್ಣು. ಒಂದೇ ಇದ್ದರೆ ಗಂಡು. ರಾಣಿ ತನ್ನ ನಮೂನೆಯೇ ಇರುವ ಗಂಡಿನೊಡನೆ ಕೂಡಿದರೆ, ಅವನಿಂದಾದ ಮರಿಗಳಲ್ಲಿ ಅರ್ಧದಷ್ಟಕ್ಕೆ ಎರಡೂ ನಮೂನೆ ಒಂದೇ ಆಗಿ, ಕೆಲಸಕ್ಕೆ ಬಾರದ ಗಂಡಾಗುತ್ತವೆ. ದಾದಿ ನೊಣಗಳು ಮೂಸಿ ಗುರುತಿಸಿ ಎಳೆಯದರಲ್ಲೇ ತಿಂದುಬಿಡುತ್ತವೆ. ತೂತು ಅದರದ್ದು. ಒಂದೆರಡು ಮೂಲ ಕುಟುಂಬವನ್ನೇ ಪಾಲು ಮಾಡಿ ಮಾಡಿ ಹತ್ತಾರು ಮಾರುವ ಕಡೆ, ಸುತ್ತ ಕಾಡು ತುಡುವೆಯೂ ಇಲ್ಲದ ಕಡೆ ಇದು ಹೆಚ್ಚು. ಮನೆಯಲ್ಲಿ ನಾಲ್ಕು ಪೆಟ್ಟಿಗೆ ಇಡುವವರು ನಾಲ್ಕನ್ನೂ ಒಬ್ಬರಿಂದಲೇ ಕೊಳ್ಳಬಾರದು. ಬೇರೆ ಊರಿನ ಎರಡಿರಲಿ.

ಗಂಡುಮರಿಯ ಕೋಶ ಕಂಡು ಗಾಬರಿಯಾಗಬೇಡಿ. ಉಬ್ಬಿದ ಮುಚ್ಚಳ, ನೆತ್ತಿಯಲ್ಲಿ ಸೂಜಿ ಚುಚ್ಚಿದಂಥ ತೂತು ತುಡುವೆಯಲ್ಲಿ ಸಹಜ, ರೋಗವಲ್ಲ.

ರೋಗ ಎಂದರೆ ಥಾಯ್ ಸ್ಯಾಕ್‌ಬ್ರೂಡ್. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ ಈ ವೈರಸ್ 1991–92ರಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟು ಸಾಕಿದ ತುಡುವೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಒರೆಸಿಹಾಕಿತು. ಕೊಡಗು, ಮಲೆನಾಡಿನಲ್ಲಿ ಖಾಲಿ ಪೆಟ್ಟಿಗೆ ಅಟ್ಟ ಸೇರಿದ್ದು ಆಗಲೇ. ಇಂದು ಮಾರಾಟಕ್ಕೆ ಬರುವ ಕುಟುಂಬಗಳು ಆ ಪಿಡುಗು ದಾಟಿ ಉಳಿದವುಗಳ ಸಂತಾನ, ಆದರೂ ರೋಗ ಪೂರ್ತಿ ಹೋಗಿಲ್ಲ. ಕೋಶ ಮುಚ್ಚುವ ಹೊತ್ತಿಗೆ ಮರಿ ಸತ್ತಿರುತ್ತದೆ, ಬೆನ್ನ ಮೇಲೆ ಮಲಗಿ ತಲೆ ಮೇಲೆತ್ತಿ ದೋಣಿಯ ಮೂತಿಯಂತೆ ಕಾಣುತ್ತದೆ. ಚಿಮ್ಮಟದಿಂದ ಹಿಡಿದೆತ್ತಿದರೆ ನೀರು ತುಂಬಿದ ಚೀಲದಂತೆ ಜೋತುಬೀಳುತ್ತದೆ. ಒಂದು ಕಂಡರೂ ಆ ಅಂಗಳದಿಂದ ಏನೂ ಕೊಳ್ಳಬೇಡಿ, ಖಾಲಿ ಚೌಕಟ್ಟನ್ನೂ. ಮದ್ದಿಲ್ಲ. ಮನೆಯಲ್ಲಿ ಬಂದರೆ ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ರೋಗದ ಎರಿ ಸುಟ್ಟು, ಕುಟುಂಬವನ್ನು ಕಡಿಮೆ ಎರಿಯಲ್ಲಿ ದಟ್ಟ ಮಾಡಿ ಊಟ ಕೊಡುವುದಷ್ಟೇ ದಾರಿ.

ಸತ್ತ ಮರಿಯನ್ನು ಬೇಗ ಎಳೆದುಹಾಕುವ ಕುಟುಂಬ ಮರಿರೋಗವನ್ನು ಚೆನ್ನಾಗಿ ತಡೆಯುತ್ತದೆ. ಈ ಗುಣ ರಕ್ತದಲ್ಲಿ ಬರುತ್ತದೆ ಎಂದು ತೋರಿಸಿದ್ದು ಅಮೆರಿಕದ ಜೇನು ಸಂಶೋಧಕ ರಾಥೆನ್‌ಬ್ಯೂಲರ್, 1964ರಲ್ಲಿ. ಸತ್ತ ಮರಿ ಎಳೆದುಹಾಕುವ ವಂಶ ಒಂದು, ಹಾಗೇ ಬಿಡುವ ವಂಶ ಒಂದು. ಕೂಡಿಸಿದಾಗ ಹುಟ್ಟಿದ ಮಕ್ಕಳೆಲ್ಲ ಸೋಮಾರಿಗಳು. ಅವನ್ನು ಮತ್ತೆ ಶುಚಿಯ ವಂಶಕ್ಕೆ ಕೂಡಿಸಿ 29 ಕುಟುಂಬ ಮಾಡಿದರು. 6 ಕುಟುಂಬ ಮುಚ್ಚಳ ತೆಗೆದು ಹೆಣ ಎಸೆದವು. 9 ಕುಟುಂಬ ಮುಚ್ಚಳ ತೆಗೆದು ಹೆಣ ಬಿಟ್ಟವು. ಉಳಿದ 14 ಮುಚ್ಚಳವನ್ನೇ ಮುಟ್ಟಲಿಲ್ಲ. ರಾಥೆನ್‌ಬ್ಯೂಲರ್ ತಾವೇ ಮುಚ್ಚಳ ತೆಗೆದುಕೊಟ್ಟಾಗ ಅವುಗಳಲ್ಲಿ 6 ಹೆಣ ಎಸೆದವು! ಮುಚ್ಚಳ ತೆರೆಯುವುದು ಒಂದು ಗುಣ, ಎಸೆಯುವುದು ಇನ್ನೊಂದು. ಒಂದೊಂದಕ್ಕೆ ಒಂದೇ ವಂಶವಾಹಿ ಎಂದು ಅವರು ಲೆಕ್ಕ ಹಾಕಿದರು. ಅದಕ್ಕಿಂತ ಹೆಚ್ಚಿನವು ಸೇರಿವೆ ಎಂದು ಆಮೇಲಿನ ಕೆಲಸ ತೋರಿಸಿದೆ.

ಇದನ್ನು ನಿಮ್ಮ ಪೆಟ್ಟಿಗೆಯಲ್ಲೇ ನೋಡಬಹುದು. ಮುಚ್ಚಿದ ಮರಿ ದಟ್ಟವಾಗಿರುವ ಎರಿ ಆರಿಸಿ. ಒಂದು ಕೋಶ ಬಿಡಿಸಿದಾಗ ಒಳಗಿನ ಮರಿಯ ಕಣ್ಣು ಗುಲಾಬಿ ಬಣ್ಣಕ್ಕೆ ತಿರುಗಿರಬೇಕು. ಸಣ್ಣ ಸೂಜಿಯಿಂದ 50 ಕೋಶಗಳ ಮುಚ್ಚಳದ ನಡುವೆ ತಳ ಮುಟ್ಟುವವರೆಗೆ ಚುಚ್ಚಿ ಮರಿಯನ್ನು ಕೊಲ್ಲಿ. ಆ ಜಾಗಕ್ಕೆ ಸರಿಯಾಗಿ ಮೇಲ್ಪಟ್ಟಿಯಲ್ಲಿ ಗುರುತು ಮಾಡಿ, ಚೌಕಟ್ಟು ವಾಪಸ್ ಇಡಿ. ಸರಿಯಾಗಿ 24 ಗಂಟೆಯ ಮೇಲೆ ಎಷ್ಟು ಕೋಶ ಖಾಲಿಯಾಗಿವೆ ಎಂದು ಎಣಿಸಿ. ಸೂಜಿ ಚುಚ್ಚಿದಾಗ ಮರಿಯ ರಸ ಒಸರಿ ವಾಸನೆ ಹೊಡೆಯುವುದರಿಂದ ಅರೆಬರೆ ಕುಟುಂಬವೂ ಒಳ್ಳೆ ಅಂಕ ತೆಗೆಯುತ್ತದೆ, ಅದು ಈ ಪರೀಕ್ಷೆಯ ಕೊರತೆ. ಹೊರದೇಶಗಳಲ್ಲಿ ಮರಿಯನ್ನು ಹೆಪ್ಪುಗಟ್ಟಿಸಿ ಕೊಂದು, 24 ಗಂಟೆಯಲ್ಲಿ ನೂರಕ್ಕೆ 95 ಖಾಲಿಯಾದರೆ ಮಾತ್ರ ತಳಿಗೆ ಆರಿಸುತ್ತಾರೆ. ನಮ್ಮ ಸೂಜಿ ಪರೀಕ್ಷೆಯಿಂದ ನಾಲ್ಕು ಪೆಟ್ಟಿಗೆಯಲ್ಲಿ ಯಾವುದನ್ನು ಪಾಲು ಮಾಡಬೇಕು ಎಂದು ತೀರ್ಮಾನಿಸಲು ತೊಂದರೆಯಿಲ್ಲ. ಹೆಚ್ಚಿನವರು ಪಾಲು ಮಾಡುವುದು ತಾನಾಗಿ ರಾಣಿಕೋಶ ಕಟ್ಟಿದ್ದನ್ನು. ಹಾಗೆ ಮಾಡುತ್ತಾ ಹೋದರೆ ತಲೆತಲಾಂತರಕ್ಕೆ ಪಾಲಾಗುವ ಚಟದವನ್ನೇ ಆರಿಸಿ ಬೆಳೆಸಿದಂತಾಗುತ್ತದೆ, ಆಮೇಲೆ 'ತುಡುವೆ ನಿಲ್ಲುವುದಿಲ್ಲ' ಎಂದು ಗೊಣಗುತ್ತೇವೆ.

ಸಿಟ್ಟಿನ ವಿಚಾರ. ಕಚ್ಚಿದ ಜಾಗದಲ್ಲಿ ಬಾಳೆಹಣ್ಣಿನ ವಾಸನೆ ಬಂದರೆ ಅದು ಎಚ್ಚರಿಕೆಯ ಗಂಧ. ಉಳಿದವನ್ನು ಅದೇ ಜಾಗಕ್ಕೆ ಕರೆಯುತ್ತದೆ. ಉಗುರಿನಿಂದ ಮುಳ್ಳು ಕೆರೆದು ತೆಗೆದು ಅಲ್ಲಿಗೆ ಹೊಗೆ ಊದಿ. ಹೊಗೆತಿದಿಗೆ ತೆಂಗಿನ ನಾರು, ಹಳೇ ಗೋಣಿ ಸಾಕು, ಬಾಗಿಲಿಗೆ ಎರಡು ಮೂರು ಸಲ ಊದಿ ಒಂದು ನಿಮಿಷ ಕಾಯಿರಿ. ಇಟಾಲಿಯನ್ ಸಾಕುವವರಂತೆ ಬುಸುಬುಸು ಊದಿದರೆ ತುಡುವೆ ಎರಿ ಬಿಟ್ಟು ಮೂಲೆಗೆ ಓಡುತ್ತದೆ, ರಾಣಿ ಹುಡುಕುವುದು ಆಗದ ಮಾತು. ಕೊಳ್ಳುವಾಗ ಹೊಗೆ ಇಲ್ಲದೆ ಒಂದು ಎರಿ ಎತ್ತಿಸಿ ನೋಡಿ. ನೊಣ ಎರಿಯ ಮೇಲೇ ಉಳಿದರೆ ಒಳ್ಳೆಯದು. ಗೊಂಚಲಾಗಿ ಕೆಳಗೆ ಜೋತರೆ ಗಾಬರಿಯ ವಂಶ. ಮೋಡದ ದಿನ, ಹೂವಿಲ್ಲದ ತಿಂಗಳು ಈ ಪರೀಕ್ಷೆ ಬೇಡ, ಆಗ ಯಾವ ಕುಟುಂಬವೂ ಸಾಧುವಲ್ಲ.

ಸಾಗಿಸುವುದು

ರಾತ್ರಿ ಎಲ್ಲ ನೊಣ ಒಳಸೇರಿದ ಮೇಲೆ ಬಾಗಿಲಿಗೆ ಜಾಲರಿ ಹೊಡೆದು, ಎರಿ ಪ್ರಯಾಣದ ದಿಕ್ಕಿಗೆ ಉದ್ದವಾಗಿರುವಂತೆ ಇಟ್ಟು ಒಯ್ಯಿರಿ. ಅಡ್ಡ ಇಟ್ಟರೆ ಬ್ರೇಕ್ ಹೊಡೆದಾಗ ಎರಿ ಒಂದಕ್ಕೊಂದು ಬಡಿಯುತ್ತದೆ. ತುಡುವೆಯ ಹಾರಾಟ ಸುಮಾರು ಒಂದು, ಒಂದೂವರೆ ಕಿಲೋಮೀಟರ್. ಅದರೊಳಗೇ ಜಾಗ ಬದಲಿಸಿದರೆ ಹೊರಗೆ ದುಡಿಯುವ ನೊಣ ಹಳೇ ಜಾಗಕ್ಕೇ ಹೋಗಿ ಸಾಯುತ್ತದೆ. ಅಂಗಳದೊಳಗೇ ಸರಿಸುವುದಿದ್ದರೆ ದಿನಕ್ಕೆ ಎರಡು ಮೂರು ಅಡಿ ಮಾತ್ರ.

ಹೊರಗಿನ ನೊಣ ಕಳೆದರೆ ಆಗುವುದು ದುಡಿಮೆಯ ನಷ್ಟ ಮಾತ್ರವಲ್ಲ. ಎಳೆಯ ನೊಣ ಮೊದಲು ಒಳಗೆ ದಾದಿ, ಸುಮಾರು ಮೂರು ವಾರದ ಮೇಲೆ ಹೊರಗಿನ ಕೆಲಸ. ಈ ಬದಲಾವಣೆಯ ಹಿಂದಿರುವ ಒಂದು ವಂಶವಾಹಿ ಹಣ್ಣಿನ ನೊಣದಲ್ಲೂ ಇದೆ. ಜೇನಿನಲ್ಲಿ ಅದು ವಯಸ್ಸಿಗೆ ತಕ್ಕಂತೆ ಚುರುಕಾಗುತ್ತದೆ ಎಂದು 2002ರಲ್ಲಿ ತೋರಿಸಿದರು. ಆದರೆ ಅದು ಗಡಿಯಾರವಲ್ಲ. ಹೊರಗಿನವು ಇಲ್ಲವಾದರೆ ಒಂದು ವಾರದ ಹುಡುಗಿಯರೇ ಅವಧಿಗೆ ಮುಂಚೆ ಹೊರಗೆ ಹೋಗುತ್ತವೆ. ಮರಿಗೆ ದಾದಿ ಇಲ್ಲ, ಮೈ ಬಿಸಿಯಿಲ್ಲ, ಅಂಚಿನ ಮರಿ ತಣ್ಣಗಾಗಿ ಸಾಯುತ್ತದೆ. ತಂದ ಹತ್ತು ದಿನಕ್ಕೆ ಕುಟುಂಬ ಸೊರಗಿತೆಂದರೆ ರೋಗ ಹುಡುಕುವ ಮೊದಲು ಎಷ್ಟು ದೂರದಿಂದ, ಯಾವ ಹೊತ್ತಿಗೆ ತಂದಿರಿ ಎಂದು ನೆನಪಿಸಿಕೊಳ್ಳಿ.

ಇಟಾಲಿಯನ್ ಕೊಳ್ಳಬಹುದಲ್ಲವೇ?

ಬಯಲುಸೀಮೆಯಲ್ಲಿ ಸೂರ್ಯಕಾಂತಿ ಹೊಲದಿಂದ ಹೊಲಕ್ಕೆ ಲಾರಿಯಲ್ಲಿ ಪೆಟ್ಟಿಗೆ ಒಯ್ಯುವವರಿಗೆ ಅದೇ ಸರಿ. 1962ರಲ್ಲಿ ಇಂದಿನ ಹಿಮಾಚಲ ಪ್ರದೇಶದ ಕಾಂಗ್ಡಾದ ನಗ್ರೋಟಾದಲ್ಲಿ ನೆಲೆಯೂರಿದ ಈ ನೊಣ ಸುಲಭಕ್ಕೆ ಓಡುವುದಿಲ್ಲ, ಜೇನು ಹಲವು ಪಟ್ಟು. ತುಡುವೆ ಸಾಮಾನ್ಯವಾಗಿ ವರ್ಷಕ್ಕೆ 5ರಿಂದ 8 ಕೆ.ಜಿ.; ತುಡುವೆಗೆ ಮೂವತ್ತು ಕೆ.ಜಿ. ಎಂದು ಆಸೆ ತೋರಿಸುವವರು ಇಟಾಲಿಯನ್ ಲೆಕ್ಕ ಓದುತ್ತಿದ್ದಾರೆ.

ಮನೆಯ ಹಿತ್ತಲಲ್ಲಿ, ಅಡಿಕೆ ತೋಟದಲ್ಲಿ ಎರಡು ಪೆಟ್ಟಿಗೆ ಇಡುವವರಿಗೆ ಅದು ಬೇಡ. ಮುಖ್ಯ ಕಾರಣ ವರೋವಾ ಉಣ್ಣೆ. ಅದು ಮೂಲತಃ ತುಡುವೆಯ ಮೇಲಿನ ಜೀವಿ. ಹಳೇ ವೈರಿಗಳಾದ್ದರಿಂದ ತುಡುವೆ ಒಂದನ್ನೊಂದು ನೆಕ್ಕಿ ಕೆರೆದು ಉಣ್ಣೆ ಕೆಡವುತ್ತದೆ, ಉಣ್ಣೆ ಮರಿ ಹಾಕುವುದು ಗಂಡುಮರಿಯ ಕೋಶದಲ್ಲಿ ಮಾತ್ರ. ಆ ಪರಿಚಯವೇ ಇಲ್ಲದ ಇಟಾಲಿಯನ್‌ನಲ್ಲಿ ಉಣ್ಣೆ ಕೆಲಸಗಾರ ಮರಿಯನ್ನೂ ಹಿಡಿಯುತ್ತದೆ, ಮದ್ದಿಲ್ಲದೆ ನಡೆಯದು. ಕಡಜದ ಕಾಟದಲ್ಲೂ ಇದೇ ವ್ಯತ್ಯಾಸ. ಜಪಾನಿನ ತುಡುವೆ ದೊಡ್ಡ ಕಡಜವನ್ನು ನೂರಾರು ನೊಣಗಳ ಉಂಡೆಯೊಳಗೆ ಸುತ್ತಿ, ಮೈ ನಡುಗಿಸಿ ಬಿಸಿಯನ್ನು 46 ಡಿಗ್ರಿಗೆ ಏರಿಸಿ ಕೊಲ್ಲುವುದನ್ನು 1995ರಲ್ಲಿ ವರದಿ ಮಾಡಿದರು. ಕಡಜ ಅದನ್ನು ತಾಳದು, ತುಡುವೆ ತಾಳುತ್ತದೆ.

ಕೊಳ್ಳುವ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್. ಆಗ ತಂದರೆ ರಬ್ಬರ್, ಕಾಫಿ, ನೇರಳೆ ಹೂ ಬರುವಷ್ಟರಲ್ಲಿ ಕುಟುಂಬ ತುಂಬಿರುತ್ತದೆ. ಏಪ್ರಿಲ್‌ನಲ್ಲಿ ತುಂಬಿದ ಪೆಟ್ಟಿಗೆ ಕಂಡು ಮರುಳಾಗಿ ಕೊಂಡರೆ, ಎರಡು ತಿಂಗಳಿಗೆ ಮಳೆಯ ಹಸಿವು. ಪೆಟ್ಟಿಗೆಗೆ ಎಷ್ಟು, ಕುಟುಂಬಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ದರ ಬರೆಸಿಕೊಳ್ಳಿ. ಕನಿಷ್ಠ ನಾಲ್ಕು ಎರಿಯ ಎರಡೂ ಮೈ ನೊಣ ಮುಚ್ಚಿರಬೇಕು, ಅದರಲ್ಲಿ ಎರಡರಲ್ಲಾದರೂ ಮರಿ ಇರಬೇಕು, ಒಂದರ ಅಂಚಿನಲ್ಲಿ ಪರಾಗ ಕಾಣಬೇಕು. ತಂದ ಮೇಲೆ ಒಂದು ವಾರ ಮುಚ್ಚಳ ಮುಟ್ಟಬೇಡಿ. ಎಂಟನೆಯ ದಿನ ಗೇಟು ತೆಗೆದು, ಬಾಗಿಲ ಪಕ್ಕದಲ್ಲಿ ಕೂತು ಕಾಲಿನಲ್ಲಿ ಪರಾಗದ ಉಂಡೆ ಕಟ್ಟಿಕೊಂಡು ಬರುವ ನೊಣ ಎಷ್ಟು ಎಂದು ಐದು ನಿಮಿಷ ಎಣಿಸಿ. ಬರುತ್ತಲೇ ಇದ್ದರೆ ಒಳಗೆ ಮರಿ ಇದೆ, ಕುಟುಂಬ ನಿಂತಿದೆ. ಒಂದೂ ಬರದಿದ್ದರೆ ಅಂದೇ ತೆರೆದು ಮೊಟ್ಟೆ ಹುಡುಕಿ.